ನೆಲೋಗಿಯ ಕೂಸಿಗೆ ಜ್ಞಾನತಾಯಿ

ಪೂಜೆ ಮುಗಿಸಿ ಬಂದ ಫಾದರ್ ನಿಲುವಂಗಿ ಬಿಚ್ಚುತ್ತಲೇ ನನಗೊಂದು ಕೆಲಸ ಹೇಳಿದರು. ನೆಲೋಗಿಯ ಕೂಸಿಗೆ ಜ್ಞಾನತಾಯಿಯಾಗಲು ಹೊರಟಿರುವ ಹೆಂಗಸಿಗೆ ಅದರ ಅರ್ಹತೆ ಇದೆಯೆಂದು ಖಾತ್ರಿಯಾಗಬೇಕು, ಖಾತ್ರಿಯಾಗದೆ ತಾವು ಕೂಸಿನ ತಲೆಗೆ ಜ್ಞಾನಸ್ನಾನದ ನೀರು ಹಾಕುವುದಿಲ್ಲ ಎಂದರು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಶುರುವಾಗುವ ಮೊದಲು ಆದರೆ ಆಯಿತು, ಇಲ್ಲವಾದರೆ ಈಸ್ಟರ್ ಹಬ್ಬದವರೆಗೆ ಕಾಯಬೇಕು. ಹೊಲಗಳಲ್ಲಿ ಆಗ ತೊಗರಿ ರಾಶಿ ನಡೆದಿತ್ತು. ಬೇಕಾದಷ್ಟು ಸಮಯವಿದೆ ಎಂದುಕೊಂಡು ನಾನು ತಲೆಯಾಡಿಸಿದೆ.

ಜೇವರ್ಗಿಯ ನಮ್ಮ ಸಣ್ಣ ಚರ್ಚಿನಲ್ಲಿ ನಾನು ಉಪದೇಶಿ. ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುವುದು, ಜ್ಞಾನಸ್ನಾನಕ್ಕೆ ಮೊದಲು ತಂದೆತಾಯಿಗಳಿಗೆ ತರಗತಿ ತೆಗೆದುಕೊಳ್ಳುವುದು, ಹಳ್ಳಿಗಳ ಮನೆ ಸುತ್ತುವುದು ನನ್ನ ಪಾಲಿನ ಕೆಲಸ. ಫಾದರ್ ಕರಾವಳಿಯವರು, ಬಂದು ವರ್ಷವಾಗಿರಲಿಲ್ಲ. ನಮ್ಮ ಜನ ಆಡುವ ಮಾತಿನಲ್ಲಿ ಅರ್ಧ ಅವರಿಗೆ ತಿಳಿಯುತ್ತಿರಲಿಲ್ಲ, ಅವರ ಪುಸ್ತಕದ ಕನ್ನಡ ನಮ್ಮವರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ದುಭಾಷಿಯ ಕೆಲಸವೂ ನನ್ನ ತಲೆಗೇ ಬಂದಿತ್ತು. ಹಿಂದಿನ ಫಾದರ್ ಇದ್ದಾಗ ಜ್ಞಾನತಾಯಿ ಯಾರೆಂದು ಕೇಳಿದರೆ ಗುಂಪಿನಿಂದ ಯಾರೋ ಒಬ್ಬಳು ಸೆರಗು ಸರಿಮಾಡಿಕೊಂಡು ಮುಂದೆ ಬರುತ್ತಿದ್ದಳು, ಅಷ್ಟಕ್ಕೆ ಮುಗಿಯುತ್ತಿತ್ತು. ಈ ಫಾದರ್ ಹಾಗಲ್ಲ.

ಕೂಸಿನ ಪರವಾಗಿ ನಿಂತು, ಅದು ದೊಡ್ಡದಾಗುವವರೆಗೆ ಅದರ ವಿಶ್ವಾಸ ಬೆಳೆಸುವ ಹೊಣೆ ಹೊರುವವಳು ಜ್ಞಾನತಾಯಿ. ಅವಳು ಸ್ವತಃ ಕಥೋಲಿಕಳಾಗಿರಬೇಕು. ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಂಡಿರಬೇಕು, ಬಿಷಪ್ಪರ ಕೈಯಿಂದ ಹಣೆಗೆ ಎಣ್ಣೆ ಹಚ್ಚಿಸಿಕೊಂಡು ದೃಢೀಕರಣ ಆಗಿರಬೇಕು. ಮದುವೆಯಾಗಿದ್ದರೆ ಅದು ಚರ್ಚು ಒಪ್ಪುವ ಮದುವೆಯಾಗಿರಬೇಕು. ಇಷ್ಟನ್ನೂ ಅವಳ ಊರಿನ ಗುರುಗಳು ಬರೆದುಕೊಡಬೇಕು. ಕೇಳಲು ಸುಲಭ. ನಮ್ಮ ಕಡೆ ಜನ ಹುಟ್ಟುವುದು ಒಂದೂರಲ್ಲಿ, ಓದುವುದು ಇನ್ನೊಂದೂರ ಹಾಸ್ಟೆಲಿನಲ್ಲಿ, ಬಾಳುವೆ ಮತ್ತೊಂದು ತಾಲೂಕಿನಲ್ಲಿ. ಗುರುಗಳೋ ಮೂರು ನಾಲ್ಕು ವರ್ಷಕ್ಕೆ ವರ್ಗವಾಗಿ ಹೋಗಿಬಿಡುತ್ತಾರೆ.

ನೆಲೋಗಿಯ ಮನೆಗೆ ಹೋದಾಗ ಅಜ್ಜಿ, ಅಂದರೆ ಕೂಸಿನ ತಂದೆಯ ತಾಯಿ, ಅಂಗಳದಲ್ಲಿ ಕುಳಿತು ತೊಗರಿ ಕೇರುತ್ತಿದ್ದಳು. ಜ್ಞಾನತಾಯಿ ಯಾರೆಂದು ಕೇಳುವುದೇ ತಪ್ಪು ಎಂಬಂತೆ ನನ್ನನ್ನು ನೋಡಿದಳು. ತನ್ನ ಹಿರಿಯ ಮಗಳು, ಅಫಜಲಪುರಕ್ಕೆ ಕೊಟ್ಟವಳು, ಕೂಸಿಗೆ ಸೋದರತ್ತೆ. ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದವಳು ಅವಳೇ, ಪದ್ಧತಿಯಂತೆ ಬೆನ್ನಿಗೆ ಗುದ್ದು ತಿಂದವಳೂ ಅವಳೇ. ಹೆಸರಿಟ್ಟವಳು ಇರುವಾಗ ಚರ್ಚಿನಲ್ಲಿ ಬೇರೆ ಯಾರು ನಿಲ್ಲಬೇಕು? ಅವಳು ಜ್ಞಾನತಾಯಿ ಆಗುವುದಾದರೆ ಮಾತ್ರ ಜ್ಞಾನಸ್ನಾನ, ಇಲ್ಲವಾದರೆ ಕೂಸು ಹಾಗೇ ಇರಲಿ ಎಂದಳು ಅಜ್ಜಿ. ಪಾಪ, ಅವಳಿಗೆ ಮಕ್ಕಳಿಲ್ಲ ಎಂದೂ ಸೇರಿಸಿದಳು.

ಕೂಸಿನ ತಾಯಿ ಒಳಗಿನಿಂದ ಚಹಾ ತಂದಳು. ಆಕೆಗೆ ಇದು ಮೂರನೆಯದು, ಮೊದಲೆರಡು ಗಂಡು, ಇದು ಹೆಣ್ಣು. ನಾನು ಏನೇನು ಬೇಕು ಎಂದು ಹೇಳುತ್ತಿದ್ದಾಗ ಬಾಗಿಲ ಚೌಕಟ್ಟು ಹಿಡಿದು ಎಲ್ಲವನ್ನೂ ಗಮನವಿಟ್ಟು ಕೇಳಿದಳು. ನನ್ನ ಧರ್ಮಪಾಠವನ್ನು ಯಾರೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಬಸ್ ಸ್ಟಾಪಿನವರೆಗೆ ಕಳಿಸಲು ಬಂದವಳು ದಾರಿಯಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಮಾತು ತೆಗೆದಳು.

“ಅಕ್ಕೋರ, ಅಕಿ ಮದುವಿ ಚರ್ಚಿನ್ಯಾಗ ಆಗಿಲ್ರಿ. ಮಠದಾಗ ಸಾಮೂಹಿಕ ಲಗ್ನ ಆಗ್ಯಾದ. ಅಕಿ ಗಂಡ ನಮ್ಮ ಪೈಕಿ ಅಲ್ಲ. ಹಂಗಿದ್ರ ಆಗಂಗಿಲ್ಲಲ್ರಿ?”

ಇಷ್ಟು ದೊಡ್ಡ ತೊಡಕನ್ನು ಅಜ್ಜಿಯ ಮುಂದೆ ಹೇಳದೆ ರಸ್ತೆಯಲ್ಲಿ ಹೇಳಿದಳಲ್ಲ ಎಂದು ನನಗೆ ಆಶ್ಚರ್ಯವಾಯಿತು. ಪಾಪ, ಹೆದರಿದ್ದಾಳೆ, ನಾದಿನಿಯ ಆಸೆ ಮುರಿದೀತು ಎಂಬ ಚಿಂತೆ ಇವಳಿಗೆ ಎಂದುಕೊಂಡೆ. ಫಿಕರ್ ಮಾಡಬೇಡ, ಅದಕ್ಕೂ ದಾರಿ ಇದೆ ಎಂದೆ. ಆಕೆಯ ಮುಖ ಅರಳಲಿಲ್ಲ. ದೃಢೀಕರಣವೂ ಆಗಿದೆಯೋ ಇಲ್ಲವೋ ಅನುಮಾನ ಎಂದು ಇನ್ನೊಂದು ತೊಡಕು ಹೇಳಿದಳು. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ನೋಡಿದರೆ ಆಕೆ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಬಿಸಿಲಲ್ಲೇ ನಿಂತಿದ್ದಳು. ಯಾಕೋ ಏನೋ ಎಂದುಕೊಂಡು ಮರೆತೆ.

ನನ್ನ ಸ್ವಭಾವ ಒಂದಿದೆ. ಆಗುವುದಿಲ್ಲ ಎಂದು ಯಾರಾದರೂ ಅಂದರೆ ಆ ಕೆಲಸ ಹಟ ಹಿಡಿದು ಮಾಡುತ್ತೇನೆ. ತಹಶೀಲ್ದಾರ್ ಕಚೇರಿಯಲ್ಲಿ ಎಷ್ಟೋ ಮಂದಿಗೆ ಪಿಂಚಣಿ ಮಾಡಿಸಿಕೊಟ್ಟವಳು ನಾನು, ಒಬ್ಬ ಜ್ಞಾನತಾಯಿಯನ್ನು ಸಾಬೀತು ಮಾಡಲಾರೆನೇ ಎಂಬ ಜಂಬ ಬೇರೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆಧಾರ್ ಕಾರ್ಡನ್ನು ಪರ್ಸಿನ ಮೇಲಿನ ಖಾನೆಗೆ ತಂದಿಟ್ಟುಕೊಂಡಿದ್ದೆ. ಮಾರನೆಯ ವಾರವೇ ಕಲಬುರಗಿ ದಾಟಿ ಆಳಂದಕ್ಕೆ ಹೊರಟೆ.

ಸೋದರತ್ತೆ ಚಿಕ್ಕವಳಿದ್ದಾಗ ಆಳಂದದಲ್ಲಿ ಸಿಸ್ಟರ್‌ಗಳ ಹಾಸ್ಟೆಲಿನಲ್ಲಿದ್ದಳು. ಅಲ್ಲಿನ ಗುರುಗಳು ಹಳೆಯ ರಿಜಿಸ್ಟರ್ ತೆಗೆದರು. ಜ್ಞಾನಸ್ನಾನ ಸಿಕ್ಕಿತು, ಮೊದಲ ಪರಮಪ್ರಸಾದ ಸಿಕ್ಕಿತು. ದೃಢೀಕರಣದ ಕಡೆ ಖಾಲಿ. ಆ ವರ್ಷ ಬಿಷಪ್ಪರು ಬಂದದ್ದು ನಿಜ, ಹುಡುಗಿಯರು ಸಾಲಾಗಿ ನಿಂತದ್ದೂ ನಿಜ, ಆದರೆ ಹೆಸರು ಬರೆಯುವವರು ಅರ್ಧಕ್ಕೇ ಬಿಟ್ಟಿದ್ದರು. ಬರೆದಿಲ್ಲ ಅಂದರೆ ಆಗಿಲ್ಲ ಎಂದರ್ಥವೇ ಎಂದು ಕೇಳಿದೆ. ಹಾಗೇನಿಲ್ಲ, ಆದರೆ ಆಗಿದೆ ಎಂದು ನಾನು ಹೇಗೆ ಬರೆದುಕೊಡಲಿ ಎಂದು ಅವರು ಕೇಳಿದರು. ನಾನು ಹೊರಗೆ ಬಂದು ಜೇವರ್ಗಿಗೆ ಫೋನ್ ಹಚ್ಚಿದೆ.

ಫೋನಿನಲ್ಲಿ ನಮ್ಮ ಫಾದರ್ ದಾರಿ ತೋರಿಸಿದರು. ಕಣ್ಣಾರೆ ಕಂಡ ನಂಬಿಕಸ್ಥ ಸಾಕ್ಷಿ ಒಬ್ಬರಿದ್ದರೂ ಸಾಕು, ಧರ್ಮಸಭೆಯ ಕಾನೂನು ಒಪ್ಪುತ್ತದೆ. ದೃಢೀಕರಣದ ಹೊತ್ತಿಗೆ ಪ್ರತಿ ಹುಡುಗಿಯ ಹಿಂದೆ ಒಬ್ಬರು ನಿಂತು ಹೆಗಲ ಮೇಲೆ ಬಲಗೈ ಇಟ್ಟಿರಬೇಕಲ್ಲ, ಅವರನ್ನು ಹುಡುಕಿ ಎಂದರು. ಸೋದರತ್ತೆಗೆ ಫೋನ್ ಹಚ್ಚಿದೆ. ತನ್ನ ಹೆಗಲ ಮೇಲೆ ಕೈ ಇಟ್ಟವಳು ಹಾಸ್ಟೆಲಿನ ಅಡುಗೆಯಮ್ಮ, ಈಗ ಜಿಡಗಾದಲ್ಲಿ ಮಗಳ ಮನೆಯಲ್ಲಿದ್ದಾಳೆ ಎಂದು ಅವಳು ಹೇಳಿದಳು. ಆ ಸಂಜೆ ಜಿಡಗಾ ಬಸ್ಸಿನಲ್ಲಿ ಮಠಕ್ಕೆ ಹೊರಟ ಭಕ್ತರ ನಡುವೆ ನಾನೊಬ್ಬಳು ಕಥೋಲಿಕ ಉಪದೇಶಿ ತೆಂಗಿನಕಾಯಿ ಚೀಲಗಳ ಮೇಲೆ ಕಾಲಿಟ್ಟುಕೊಂಡು ಹೋದೆ. ಅಡುಗೆಯಮ್ಮನಿಗೆ ಎಲ್ಲ ನೆನಪಿತ್ತು. ಬಿಷಪ್ಪರು ಹಣೆಗೆ ಹಚ್ಚಿದ ಎಣ್ಣೆ ಹೋದೀತೆಂದು ಆ ಹುಡುಗಿ ಮಾರನೆಯ ದಿನ ಮುಖ ತೊಳೆಯದೆ ಸಿಸ್ಟರ್ ಕೈಯಲ್ಲಿ ಬೈಸಿಕೊಂಡಿದ್ದಳಂತೆ. ಆಕೆಯ ಹೇಳಿಕೆಗೆ ಆಳಂದದ ಗುರುಗಳು ಸಹಿ ಹಾಕಿ ಮುದ್ರೆ ಒತ್ತಿದರು. ಒಂದು ತೊಡಕು ಕಳೆಯಿತು.

ಅಫಜಲಪುರಕ್ಕೆ ಹೋಗುವಾಗ ನಾನು ಖುಷಿಯಲ್ಲೇ ಇದ್ದೆ. ಸೋದರತ್ತೆಯ ಗಂಡನದು ಬಸ್ ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ, ಹಿಂದೆಯೇ ಮನೆ. ಅವಳು ನನ್ನನ್ನು ನೋಡಿದ್ದೇ ಕೈಕಾಲು ತೊಳೆಯಲು ನೀರು ಕೊಟ್ಟು, ರೊಟ್ಟಿಗೆ ಕೂತುಬಿಟ್ಟಳು. ಎತ್ತರದ ಹೆಂಗಸು, ಮಾತು ಜೋರು. ತಂದೆ ಸತ್ತಾಗ ಹಾಸ್ಟೆಲ್ ಬಿಟ್ಟು ಬಂದು, ಕೂಲಿ ಮಾಡಿ ತಮ್ಮನನ್ನು ಓದಿಸಿದವಳು ಅವಳೇ ಎಂದು ನೆಲೋಗಿಯಲ್ಲೇ ಕೇಳಿದ್ದೆ. ರೊಟ್ಟಿ ತಟ್ಟುತ್ತಲೇ ತನ್ನ ಸಂಗತಿ ಹೇಳಿದಳು. ಆ ಭಾಗಕ್ಕೆ ಬರುವ ಗುರುಗಳು ಒಬ್ಬರ ಮನೆಯಲ್ಲಿ ಪೂಜೆ ಮಾಡುತ್ತಾರೆ, ಇವಳು ತಪ್ಪದೆ ಹೋಗುತ್ತಾಳೆ, ಆದರೆ ಎಲ್ಲರೂ ಪರಮಪ್ರಸಾದಕ್ಕೆ ಎದ್ದಾಗ ಇವಳು ಗೋಡೆಗೆ ಒರಗಿ ಕುಳಿತೇ ಇರುತ್ತಾಳೆ. ಮಠದ ಅಂಗಳದಲ್ಲಿ ಮದುವೆಯಾದ ದಿನದಿಂದ ನಾಲಿಗೆಗೆ ಪ್ರಸಾದ ಮುಟ್ಟಿಸಿಲ್ಲ. ಯಾರೂ ಬೇಡ ಎಂದಿರಲಿಲ್ಲ, ತನಗೇ ಧೈರ್ಯವಾಗಲಿಲ್ಲ ಎಂದಳು.

ಮದುವೆಯನ್ನು ಸರಿಪಡಿಸುವ ಕ್ರಮವನ್ನು ಇಬ್ಬರಿಗೂ ವಿವರಿಸಿದೆ. ಗಂಡ ತನ್ನ ಧರ್ಮ ಬಿಡಬೇಕಿಲ್ಲ. ಇಬ್ಬರಿಗೂ ಬೇರೆ ಯಾರೊಂದಿಗೂ ಮದುವೆಯಾಗಿಲ್ಲ ಎಂದು ಗೊತ್ತಿದ್ದವರು ಹೇಳಬೇಕು. ತನ್ನ ವಿಶ್ವಾಸ ಬಿಡುವುದಿಲ್ಲ ಎಂದು ಹೆಂಡತಿ ಮಾತು ಕೊಡಬೇಕು, ಆ ಮಾತು ಗಂಡನಿಗೂ ಗೊತ್ತಿರಬೇಕು. ಕಲಬುರಗಿಯ ಬಿಷಪ್ಪರು ವಿನಾಯಿತಿ ಕೊಟ್ಟ ಮೇಲೆ ಫಾದರ್ ಮತ್ತು ಇಬ್ಬರು ಸಾಕ್ಷಿಗಳ ಎದುರು ಇಬ್ಬರೂ ಒಪ್ಪಿಗೆಯ ಮಾತು ಆಡಿದರೆ ಮುಗಿಯಿತು. ಗಂಡ ಕಿಡಿ ತಾಗಿದ ಅಂಗಿಯಲ್ಲೇ ನಿಂತು ಕೇಳಿದ.

“ಅಂದ್ರ ಎರಡನೇ ಮದುವಿ, ಅದ ಹೆಂಡ್ತಿ ಜೋಡಿ. ಈ ಸಲನೂ ಉಂಗುರ ನಾನೇ ತರಬೇಕೇನ್ರಿ?”

ಅವನು ಒಪ್ಪಿದ. ಹೊರಡುವ ಮುಂಚೆ ಸೋದರತ್ತೆ ಟ್ರಂಕು ತೆರೆದು ಕೂಸಿಗೆ ಮಾಡಿಟ್ಟದ್ದನ್ನೆಲ್ಲ ತೋರಿಸಿದಳು. ಹಳೆಯ ಸೀರೆಗಳ ಕೌದಿ, ಕಾಲ್ಗೆಜ್ಜೆ, ಫ್ರಾಕುಗಳು. ಫ್ರಾಕುಗಳನ್ನು ನೋಡಿ ನಾನು ತಬ್ಬಿಬ್ಬಾದೆ. ಒಂದೂ ಹಾಲು ಕುಡಿಯುವ ಕೂಸಿನ ಅಳತೆಯದಲ್ಲ. ನಡೆಯುವ ಮಗುವಿಗೆ, ಶಾಲೆಗೆ ಹೋಗುವ ಮಗುವಿಗೆ ಆಗುವಂಥವು. ಬಸ್ ಸ್ಟ್ಯಾಂಡಿನ ಆಚೆ ಹೊಸ ಶಾಲೆಯಾಗಿದೆ, ಅಲ್ಲಿ ಸಣ್ಣ ಮಕ್ಕಳನ್ನು ಎಷ್ಟು ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ ಎಂದು ನನ್ನನ್ನು ಕೇಳಿದಳು. ನೆಲೋಗಿಯ ಕೂಸಿಗೂ ಅಫಜಲಪುರದ ಶಾಲೆಗೂ ಏನು ಸಂಬಂಧ? ಮಕ್ಕಳಿಲ್ಲದವಳ ಸಡಗರ, ಲೆಕ್ಕ ತಪ್ಪುತ್ತದೆ ಎಂದುಕೊಂಡೆ. ಆದರೂ ಬಸ್ಸಿನಲ್ಲಿ ಆ ಫ್ರಾಕುಗಳು ಕಣ್ಣ ಮುಂದೆ ಬರುತ್ತಲೇ ಇದ್ದವು.

ವಿನಾಯಿತಿಗೆ ಕಲಬುರಗಿಗೆ ಎಷ್ಟೋ ಸಲ ತಿರುಗಿದೆ. ಒಮ್ಮೆ ಗಂಡನ ಕಡೆಯ ಸಾಕ್ಷಿ ಬರಲಿಲ್ಲ. ಇನ್ನೊಮ್ಮೆ ಎಲ್ಲ ಇದ್ದರೂ ಸಹಿ ಹಾಕಬೇಕಾದವರು ಊರಲ್ಲಿರಲಿಲ್ಲ. ರಾಶಿ ಮುಗಿದು, ಬಿಳಿಜೋಳ ತೆನೆ ಬಿಟ್ಟಿತು. ವಿನಾಯಿತಿ ಕೈಗೆ ಬಂದ ದಿನ ಕಚೇರಿಯ ಮೆಟ್ಟಿಲ ಮೇಲೆ ನಿಂತೇ ನೆಲೋಗಿಗೆ ಫೋನ್ ಮಾಡಿದೆ. ಕೂಸಿನ ತಾಯಿ ಎತ್ತಿಕೊಂಡಳು. ಎಲ್ಲ ಆಯಿತವ್ವ, ನಿನ್ನ ನಾದಿನಿಯೇ ನಿಲ್ಲಬಹುದು, ಇನ್ನು ಯಾವ ತಕರಾರೂ ಇಲ್ಲ ಎಂದೆ. ಸಿಗ್ನಲ್ ಹೋಯಿತೇನೋ ಎಂದು ಹಲೋ ಹಲೋ ಎಂದೆ. ಕೂಸು ಅಳುವುದು ಕೇಳಿತು, ಆಮೇಲೆ ಫೋನ್ ಕಟ್ಟಾಯಿತು.

ಮರುದಿನ ಆಕೆ ಕೂಸನ್ನು ಎತ್ತಿಕೊಂಡು ಒಬ್ಬಳೇ ಜೇವರ್ಗಿಗೆ ಬಂದಳು. ಕೂಸಿಗೆ ಸೂಜಿ ಹಾಕಿಸಬೇಕು ಎಂದು ಮನೆಯಲ್ಲಿ ಹೇಳಿ ಬಂದಿದ್ದಳು. ನಮ್ಮ ಅಡುಗೆಮನೆಯಲ್ಲಿ ಕುಳಿತು, ಕೊಟ್ಟ ನೀರನ್ನೂ ಕುಡಿಯದೆ ಹೇಳಿದಳು.

“ಅಕ್ಕೋರ, ಕೈ ಮುಗಿತೀನ್ರಿ. ಅಕಿಗಿ ಆಗಂಗಿಲ್ಲ ಅಂತ ಫಾದರ್ ಕಡಿಂದ ಹೇಳಸ್ರಿ.”

ನನಗೆ ತಲೆಬುಡ ತಿಳಿಯಲಿಲ್ಲ. ಸಿಟ್ಟೂ ಬಂತು. ಇಷ್ಟು ದಿನ ನಾಯಿಯಂತೆ ಊರೂರು ಅಲೆದಿದ್ದೇನೆ, ಈಗ ಬೇಡ ಅಂದರೆ ಏನು, ನಾದಿನಿಯ ಮೇಲೆ ಅಷ್ಟು ಹೊಟ್ಟೆಕಿಚ್ಚೇ ಎಂದು ಬೈದೆ. ಆಕೆ ಬೈಸಿಕೊಂಡಳು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಕೂಸು ಹೊಟ್ಟೆಯಲ್ಲಿದ್ದಾಗಲೇ ಅಜ್ಜಿ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಸೊಸೆಗೆ ಎರಡು ಗಂಡಿವೆ, ಈ ಕೂಸನ್ನು ಮಗಳ ಉಡಿಗೆ ಹಾಕುವುದು. ಅವರ ಮನೆತನದಲ್ಲಿ ಹಿಂದೆಯೂ ಹೀಗೆ ಅಣ್ಣನ ಕೂಸು ತಮ್ಮನಿಗೆ, ತಂಗಿಯ ಕೂಸು ಅಕ್ಕನಿಗೆ ಹೋಗಿದ್ದುಂಟು. ಕೋರ್ಟಿಲ್ಲ, ಕಾಗದವಿಲ್ಲ. ದೇವರ ಮುಂದೆ, ನಾಲ್ಕು ಜನರ ಮುಂದೆ ಕೂಸನ್ನು ಯಾರ ಉಡಿಯಲ್ಲಿ ಹಾಕುತ್ತಾರೋ ಅವರದು. ಚರ್ಚಿನಲ್ಲಿ ಜ್ಞಾನತಾಯಿ ಕೂಸನ್ನು ಎತ್ತಿಕೊಂಡು ನಿಂತದ್ದನ್ನು ಅಜ್ಜಿ ಹಿಂದಿನ ಫಾದರ್ ಕಾಲದಲ್ಲಿ ನೋಡಿದ್ದಾಳೆ. ಇದಕ್ಕಿಂತ ದೊಡ್ಡ ದೇವರು ಎಲ್ಲಿ, ದೊಡ್ಡ ಜನ ಎಲ್ಲಿ ಎಂದು ಆ ದಿನವನ್ನೇ ಕಾಯುತ್ತಿದ್ದಾಳೆ. ಹಾಲು ಬಿಡಿಸಿದ ಮೇಲೆ ಕೂಸು ಅಫಜಲಪುರಕ್ಕೆ.

ಗಂಡ ಏನನ್ನುತ್ತಾನೆ ಎಂದು ಕೇಳಿದೆ. ಅಕ್ಕ ಕೂಲಿ ಮಾಡಿ ಸಾಕಿದ್ದಾಳೆ, ಅವಳಿಗೆ ಇಲ್ಲ ಅನ್ನಲು ತನಗೆ ಬಾಯಿ ಬರುವುದಿಲ್ಲ ಎಂದು ಅವನು ಗೋಡೆ ಕಡೆ ಮುಖ ಮಾಡಿ ಮಲಗುತ್ತಾನಂತೆ. ಇವಳಿಗೂ ಬಾಯಿ ಬರಲಿಲ್ಲ. ಬಾಣಂತನ ಮಾಡಿದವಳು ಆ ನಾದಿನಿಯೇ. ಅಷ್ಟರಲ್ಲಿ ನಾನು ಬಂದು, ಇದು ಬೇಕು ಅದು ಬೇಕು, ಇಲ್ಲವಾದರೆ ಆಗದು ಎಂದೆ. ಅಂದಿನಿಂದ ನಾನು ಸೋಲುವುದನ್ನೇ ಆಕೆ ಕಾಯುತ್ತಿದ್ದಳು. ತಾನು ಹೇಳಲಾರದ ‘ಇಲ್ಲ’ವನ್ನು ಚರ್ಚು ಹೇಳಲಿ ಎಂಬುದಷ್ಟೇ ಆಕೆಯ ಆಸೆ. ನಾನು ಹೋದಲ್ಲೆಲ್ಲ ಗೆದ್ದು ಬಂದೆ.

ಆಕೆ ಹೋದ ಮೇಲೆ ನಾನು ಒಲೆ ಹಚ್ಚುವುದನ್ನೂ ಮರೆತು ಕುಳಿತೆ. ಅಫಜಲಪುರದವಳ ಫ್ರಾಕುಗಳು ಈಗ ಅರ್ಥವಾದವು. ಅವಳು ಮೋಸಗಾತಿಯಲ್ಲ, ತನಗೆ ಕೊಟ್ಟಿದ್ದಾರೆ ಎಂದು ನಂಬಿದವಳು. ಈ ತಾಯಿಯೂ ಸುಳ್ಳುಗಾತಿಯಲ್ಲ. ಅಜ್ಜಿಯನ್ನು ಬೈಯೋಣವೆಂದರೆ ಅವಳೂ ಒಬ್ಬ ಮಗಳ ಬರಿದಾದ ಮಡಿಲನ್ನು ನೋಡುತ್ತಿರುವವಳು. ಅರ್ಹತೆ ಇಲ್ಲ ಎಂದು ಹೇಳಿಸುವುದು ಸುಳ್ಳು, ಎಲ್ಲವನ್ನೂ ನಾನೇ ಸಾಬೀತು ಮಾಡಿಟ್ಟಿದ್ದೆ. ಸುಮ್ಮನಿದ್ದರೆ ಚರ್ಚಿನೊಳಗೆ, ನನ್ನ ಕಣ್ಣೆದುರು, ಒಂದು ಕೂಸು ಕೈ ಬದಲಾಗುತ್ತದೆ, ಹೆತ್ತವಳಿಗೆ ಕೊಡುವ ಮನಸ್ಸೇ ಇಲ್ಲ. ಯಾವ ಕಡೆ ನಿಲ್ಲಬೇಕೆಂದು ತಿಳಿಯಲಿಲ್ಲ.

ಸಂಜೆ ಫಾದರ್ ಬಳಿ ಹೋಗಿ ಎಲ್ಲ ಹೇಳಿದೆ. ಅವರಿಗೆ ಉಡಿ ಎಂದರೇನೆಂದು ನನ್ನ ಸೀರೆಯ ಸೆರಗನ್ನೇ ಮಡಿಲಿಗೆ ಚಾಚಿ ತೋರಿಸಬೇಕಾಯಿತು. ಆಮೇಲೆ ಎದ್ದು ಹೋಗಿ ಧರ್ಮಸಭೆಯ ಕಾನೂನಿನ ಪುಸ್ತಕ ತಂದರು. ಜ್ಞಾನತಾಯಿಯ ಷರತ್ತುಗಳಲ್ಲಿ ಇನ್ನೊಂದಿತ್ತು. ಕೂಸಿನ ತಂದೆ ಅಥವಾ ತಾಯಿ ಅದರ ಜ್ಞಾನತಂದೆ ಜ್ಞಾನತಾಯಿ ಆಗುವಂತಿಲ್ಲ. ತರಗತಿಯಲ್ಲಿ ನಾನು ಅದನ್ನು ಓದುತ್ತಲೇ ಇರಲಿಲ್ಲ. ಹೆತ್ತವಳು ತನ್ನ ಕೂಸಿಗೆ ತಾನೇ ಜ್ಞಾನತಾಯಿಯಾಗುತ್ತೇನೆ ಎಂದು ಯಾರು ಬರುತ್ತಾರೆ?

“ಹೆತ್ತವರಾದರೂ ಅಷ್ಟೆ, ಸಾಕಲು ತೆಗೆದುಕೊಳ್ಳುವವರಾದರೂ ಅಷ್ಟೆ. ಆಕೆ ತಾಯಿಯಾಗುವುದಾದರೆ ಜ್ಞಾನತಾಯಿ ಬೇರೆಯವರು ಆಗಬೇಕು. ಅನುಮಾನದ ಮೇಲೆ ನಾನು ಯಾರನ್ನೂ ಬೇಡ ಅನ್ನಲಾರೆ, ಟೀಚರ್. ಆಕೆಯನ್ನೇ ಕೇಳಬೇಕು” ಎಂದರು ಫಾದರ್.

ಎಲ್ಲಿ ಕೇಳುವುದು, ಯಾರ ಮುಂದೆ ಕೇಳುವುದು ಎಂಬುದು ನನಗೆ ಬಿಟ್ಟದ್ದಾಯಿತು. ಸೋದರತ್ತೆಯೊಬ್ಬಳನ್ನೇ ಕರೆದು ಕೇಳಿದರೆ ಅವಳ ಮರ್ಯಾದೆ ಉಳಿಯುತ್ತಿತ್ತು. ಆದರೆ ಅಲ್ಲಿ ಆಡಿದ ಮಾತನ್ನು ಅಜ್ಜಿ ಮನೆಯಲ್ಲಿ ಉಳಿಸುವಳೇ? ದೇವರ ಮುಂದೆ, ನಾಲ್ಕು ಜನರ ಮುಂದೆ ಕೊಡುವ ಮನೆತನದಲ್ಲಿ ಕೊಡದಿರುವುದೂ ಹಾಗೆಯೇ ಆಗಬೇಕು. ಜ್ಞಾನಸ್ನಾನದ ಹಿಂದಿನ ದಿನ ಎಲ್ಲರೂ ಕೂಡುವ ತರಗತಿಯಲ್ಲೇ ಕೇಳುತ್ತೇನೆ ಎಂದೆ. ಹೆತ್ತವಳು ಬಾಯಿ ತೆರೆಯುವ ಅಗತ್ಯವೇ ಬರದಂತೆ ಬರೀ ನಿಯಮ ಓದಿ, ಉತ್ತರ ಕೇಳಿ ಮುಗಿಸುವುದು ನನ್ನ ಲೆಕ್ಕ. ಅದು ಸರಿಯೋ ಕ್ರೂರವೋ ಎಂದು ಅಂದೂ ಗೊತ್ತಿರಲಿಲ್ಲ, ಇಂದೂ ಪೂರ್ತಿ ಗೊತ್ತಿಲ್ಲ.

ಆ ಶನಿವಾರ ಬೆಳಿಗ್ಗೆ ಮೊದಲು ಮದುವೆ. ಸೋದರತ್ತೆ ಪಾಪನಿವೇದನೆ ಮಾಡಿ ಬಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡನ ಪಕ್ಕ ನಿಂತಳು. ಅವಳ ತಮ್ಮ, ಅಂದರೆ ಕೂಸಿನ ತಂದೆ, ಮತ್ತು ನಾನು ಸಾಕ್ಷಿ. ಗಂಡ ಒಪ್ಪಿಗೆಯ ಮಾತನ್ನು ಫಾದರ್ ಹೇಳಿಕೊಟ್ಟಂತೆ ಹೇಳುತ್ತಾ ನಡುವೆ ತೊದಲಿದ, ಅವಳು ಮೊಣಕೈಯಿಂದ ತಿವಿದಳು. ಆಮೇಲೆ ಅವಳು ಪರಮಪ್ರಸಾದಕ್ಕೆ ನಾಲಿಗೆ ಚಾಚಿದಾಗ ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ವರ್ಷದ ಮೇಲೆ ಅವಳಿಗೆ ಸಿಕ್ಕ ಖುಷಿಯ ದಿನ ಅದು. ಅದೇ ದಿನ ನಾನು ಆ ಪ್ರಶ್ನೆ ಕೇಳಬೇಕಿತ್ತು.

ಫಾದರ್ ಇರುವ ಗುರುಮನೆಯ ಕೋಣೆಯಲ್ಲಿ ಚಾಪೆಯ ಮೇಲೆ ಎಲ್ಲರೂ ಕುಳಿತರು. ಕೂಸು ಹೆತ್ತವಳ ತೊಡೆಯ ಮೇಲಿತ್ತು. ಫಾದರ್ ಕುರ್ಚಿಯಲ್ಲಿದ್ದರು. ನಾನು ಷರತ್ತುಗಳನ್ನು ಒಂದೊಂದಾಗಿ ಓದಿದೆ, ಸೋದರತ್ತೆ ಪ್ರತಿಯೊಂದಕ್ಕೂ ಹೌದ್ರಿ ಹೌದ್ರಿ ಎಂದು ಹೆಮ್ಮೆಯಿಂದ ತಲೆಯಾಡಿಸಿದಳು. ಕೊನೆಗೆ, ತಂದೆತಾಯಿಯೇ ಕೂಸಿನ ಜ್ಞಾನತಂದೆ ಜ್ಞಾನತಾಯಿ ಆಗುವಂತಿಲ್ಲ ಎಂಬುದನ್ನು ಓದಿದೆ. ಕೂಸನ್ನು ಮಗಳಂತೆ ಇಟ್ಟುಕೊಳ್ಳುವವಳು ಅದಕ್ಕೆ ಜ್ಞಾನತಾಯಿಯಾಗಲು ಬರುವುದಿಲ್ಲ ಎಂದೂ ಬಿಡಿಸಿ ಹೇಳಿದೆ. ಅವಳ ತಲೆ ಅಲ್ಲಿಗೆ ನಿಂತಿತು.

ಅಜ್ಜಿ ತಕ್ಷಣ, ಎರಡೂ ಇವಳೇ ಆದರೆ ಏನಾಯಿತು, ಹೆಚ್ಚೇ ಆಯಿತಲ್ಲ ಎಂದಳು. ಎರಡೂ ಆಗಲು ಬರುವುದಿಲ್ಲ ಎಂದು ಫಾದರ್ ಮೆಲ್ಲಗೆ ಹೇಳಿದರು. ಕೂಸಿನ ತಂದೆ ಚಾಪೆಯ ಎಳೆ ಕೀಳುತ್ತಾ ಕುಳಿತ. ಸೋದರತ್ತೆ ಯಾರನ್ನೂ ನೋಡದೆ ನನ್ನನ್ನು ಕೇಳಿದಳು, ತಾನು ಜ್ಞಾನತಾಯಿ ಆದರೆ ಮಾಡಬೇಕಾದ್ದೇನು? ಈ ಕೂಸಿನ ತಂದೆತಾಯಿಗೆ ಅವರ ಕೆಲಸದಲ್ಲಿ ನೆರವಾಗಲು ಸಿದ್ಧಳೇ ಎಂದು ನಾಳೆ ಫಾದರ್ ಎಲ್ಲರ ಮುಂದೆ ಕೇಳುತ್ತಾರೆ, ಸಿದ್ಧಳಿದ್ದೇನೆ ಎನ್ನಬೇಕು, ಹಾಗೇ ನಡೆಯಬೇಕು ಎಂದೆ. ಆಗದಿದ್ದರೆ? ಆಗದಿದ್ದರೆ ಬೇರೆ ಯಾರಾದರೂ ನಿಲ್ಲುತ್ತಾರೆ, ಮನೆಯ ಮಾತನ್ನು ಮನೆಯಲ್ಲಿ ತೀರ್ಮಾನಿಸಿಕೊಳ್ಳಿ ಎಂದೆ. ಅಷ್ಟಕ್ಕೆ ಅವಳು ತನ್ನ ಒಂದು ಉತ್ತರ ಕೊಟ್ಟರೆ ಸಾಕಿತ್ತು. ಅವಳು ಕೊಡಲಿಲ್ಲ. ತಮ್ಮನ ಹೆಂಡತಿಯ ಕಡೆ ತಿರುಗಿದಳು.

“ನೀ ಏನಂತಿ ಬೇ? ನಿನ್ನ ಬಾಯಿಲೆ ಹೇಳು.”

ಅಜ್ಜಿ ಏನೋ ಹೇಳಹೋದಳು, ಸೋದರತ್ತೆ ಕೈ ಅಡ್ಡ ಹಿಡಿದು ತಡೆದಳು. ನಾನು ಹೆತ್ತವಳನ್ನು ಇದರಿಂದಲೇ ಪಾರು ಮಾಡಲು ಹೊರಟಿದ್ದೆ, ಈಗ ನನ್ನಿಂದ ಏನೂ ಆಗುವಂತಿರಲಿಲ್ಲ. ಆಕೆ ಕೂಸಿನ ಮುಖ ನೋಡುತ್ತ ಬಾಯಿ ತೆರೆದಳು.

“ಕೊಡಂಗಿಲ್ಲ ಅಕ್ಕ. ಹೊಟ್ಟ್ಯಾಗಿದ್ದಾಗ್ಲಿಂದ ಹೇಳಬೇಕಂತಿದ್ದೆ. ನನಗ ಕೊಡಾಕ ಆಗಂಗಿಲ್ಲ.”

ಅವಳ ಗಂಡ ಆಗ ಮೊದಲ ಸಲ ತಲೆ ಎತ್ತಿದ. ಸೋದರತ್ತೆ ಅಳಲಿಲ್ಲ, ಕೂಗಾಡಲಿಲ್ಲ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ, ನಾನೇನು ಕಿತ್ತುಕೊಂಡು ಹೋಗುವವಳೇ ಎಂದಷ್ಟೇ ಕೇಳಿದಳು. ಅವ್ವನ ಕಡೆ ಒಮ್ಮೆ ನೋಡಿದಳು, ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಡುವೆ ಬೀಡಿ ಸೇದಲು ಎದ್ದು ಹೋಗಿದ್ದ ಸೋದರತ್ತೆಯ ಗಂಡ ಬಾಗಿಲಲ್ಲಿ ಬಂದು ನಿಂತ, ಒಳಗೆ ಬರಲಿಲ್ಲ. ಅವಳು ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು ನನ್ನ ಮುಂದೆ ಬಂದು ನಿಂತಳು. ಬಿಷಪ್ಪರ ವಿನಾಯಿತಿಗಾಗಿ ನಾನು ಕೇಳಿದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹೇಳುವಾಗ ನಿಂತಂತೆಯೇ, ನೆಟ್ಟಗೆ.

“ಬರ್ಕೋರಿ ಅಕ್ಕೋರ. ನಾ ಈ ಕೂಸಿನ ತಾಯಿ ಅಲ್ಲ. ತಾಯಿ ಅಲ್ಲಿ ಕುಂತಾಳ” ಎಂದಳು. ನಾನು ಇನ್ನೂ ಪೆನ್ನು ಎತ್ತದ್ದನ್ನು ನೋಡಿ, ಇನ್ನೂ ಏನೋ ಕಡಿಮೆ ಬಿದ್ದಿರಬೇಕೆಂದು ತಿಳಿದಳೋ ಏನೋ, ಸ್ವಲ್ಪ ಮುಂದೆ ಬಾಗಿ ಕೇಳಿದಳು. “ಈಗ ನಡೀತದೇನ್ರಿ?”